ಪಾಲಿಗ್ರಾಫಲ್ಲಿ ರಿಯಾಕ್ಷನ್ ಬಂತು ಅಂದ್ರೆ ಹುಡುಗ ಸುಳ್ಳು ಹೇಳಿದ ಅಂತಾನಾ?

ಪ್ರಶ್ನೆ: ಮೇಡಂ ನಮಸ್ತೆ. ನಾವು ವಿರಾಜಪೇಟೆ ಕಡೆಯವರು, ಕಾಫಿ ತೋಟ ಇದೆ. ನನ್ನ ತಮ್ಮ ಅಮೆರಿಕದಲ್ಲಿ ಸೆಟ್ಲ್ ಆಗಿ ತುಂಬಾ ವರ್ಷ ಆಯ್ತು, ಅವನ ಮಗ ಅಲ್ಲೇ ಹುಟ್ಟಿದವನು, ಅಲ್ಲಿನ ಸಿಟಿಜನ್. ಅಜ್ಜ ಆರ್ಮಿಯಲ್ಲಿ ಇದ್ದಿದ್ದಕ್ಕೋ ಏನೋ ಇವನಿಗೂ ಯೂನಿಫಾರ್ಮ್ ಹುಚ್ಚು, ಅಲ್ಲಿನ ಕಸ್ಟಮ್ಸ್ ಅಂಡ್ ಬಾರ್ಡರ್ ಪ್ರೊಟೆಕ್ಷನ್‌ಗೆ ಅರ್ಜಿ ಹಾಕಿದ್ದ. ಎಲ್ಲಾ ಪಾಸಾಗಿ ಕೊನೆಗೆ ಪಾಲಿಗ್ರಾಫ್, ಅದೇ ಸುಳ್ಳು ಹಿಡಿಯೋ ಮಷೀನ್ ಅಂತಾರಲ್ಲ, ಆ ಟೆಸ್ಟ್ ಮಾಡಿದ್ರಂತೆ. ಮುಗಿಯೋ ಹೊತ್ತಿಗೆ ಪರೀಕ್ಷೆ ಮಾಡಿದವರು "ವಿದೇಶಿ ಸಂಪರ್ಕದ ಪ್ರಶ್ನೆಗೆ ನಿನ್ನ ರಿಯಾಕ್ಷನ್ ಸರಿ ಇಲ್ಲ, ಏನೋ ಮುಚ್ಚಿಡ್ತಿದೀಯ" ಅಂದ್ರಂತೆ. ಆಮೇಲೆ ವಾರಗಟ್ಟಲೆ ಸುದ್ದಿ ಇಲ್ಲ. ಹುಡುಗ ನಾನು ಏನೂ ಮುಚ್ಚಿಟ್ಟಿಲ್ಲ ಅತ್ತೆ ಅಂತ ಅಳ್ತಾನೆ, ನನ್ನ ತಮ್ಮ ಮಷೀನ್ ಸುಮ್ಮನೆ ಹೇಳುತ್ತಾ ಅಂತ ಅವನ ಮೇಲೇ ರೇಗ್ತಾನೆ. ಯಾರನ್ನ ನಂಬೋದು? ಮತ್ತೆ ಟೆಸ್ಟ್ ಕೊಟ್ರೆ ಮನಸ್ಸು ಶಾಂತ ಆಗೋ ಮಾತ್ರೆ ತಗೊಂಡು ಹೋಗ್ಬಹುದಾ? ಇನ್ನೊಂದು, ನನ್ನ ಮಗ ಇಲ್ಲಿ ಪಿಎಸ್‌ಐ ಪರೀಕ್ಷೆಗೆ ಓದ್ತಿದಾನೆ. ಕಾಲೇಜಲ್ಲಿದ್ದಾಗ ಹಾಕಿ ಮ್ಯಾಚ್ ಗಲಾಟೆಯಲ್ಲಿ ಅವನ ಮೇಲೆ ಒಂದು ಕೇಸ್ ಆಗಿ ರಾಜಿಯಲ್ಲಿ ಮುಗಿದಿದೆ. ಇಲ್ಲೂ ಈ ಮಷೀನ್ ಇಡ್ತಾರಾ?

ಉತ್ತರ:

ಮೊದಲು ನಿಮ್ಮ ತಮ್ಮನಿಗೆ ಒಂದು ಫೋನ್ ಮಾಡಿ, ಹುಡುಗನ ಮೇಲೆ ರೇಗೋದು ನಿಲ್ಸು ಅಂತ ಹೇಳಿಬಿಡಿ, ಮಿಕ್ಕಿದ್ದು ಆಮೇಲೆ ಓದಿದ್ರೂ ನಡೆಯುತ್ತೆ. ಆ ರೂಮಲ್ಲಿ ಗಂಟೆಗಟ್ಟಲೆ ಕೂತು ಒಬ್ಬರ ಕೈಲಿ ಸುಳ್ಳುಗಾರ ಅನ್ನಿಸ್ಕೊಂಡು ಬಂದಿದಾನೆ, ಮನೆಗೆ ಬಂದ್ರೆ ಅಪ್ಪನೂ ಅದನ್ನೇ ಹೇಳಿದ್ರೆ ಹುಡುಗ ಎಲ್ಲಿಗೆ ಹೋಗ್ಬೇಕು. ನಾನು ಫೊರೆನ್ಸಿಕ್ ಲ್ಯಾಬಿನ ಸೈಕಾಲಜಿ ವಿಭಾಗದಲ್ಲಿ ಇದೇ ಮಷೀನ್ ಇಟ್ಕೊಂಡು ಕೆಲಸ ಮಾಡಿ ರಿಟೈರ್ ಆದವಳು, ಹಾಗಾಗಿ ಮಷೀನ್ ಮೇಲೆ ನನಗೇನೂ ದ್ವೇಷ ಇಲ್ಲ, ಆದ್ರೆ ಅದು ಏನು ಹೇಳುತ್ತೆ ಏನು ಹೇಳಲ್ಲ ಅನ್ನೋದು ಗೊತ್ತು.

ಮಷೀನ್ ಸುಳ್ಳು ಅಳೆಯಲ್ಲ. ಸುಳ್ಳಿಗೆ ಅಂತಾನೇ ಮನುಷ್ಯನ ಮೈಯಲ್ಲಿ ಬೇರೆ ಒಂದು ಗುರುತು ಇಲ್ಲ, ಇದ್ದಿದ್ರೆ ಕೋರ್ಟು ಲಾಯರು ಯಾರೂ ಬೇಕಾಗ್ತಿರ್ಲಿಲ್ಲ. ಎದೆಗೂ ಹೊಟ್ಟೆಗೂ ಒಂದೊಂದು ಟ್ಯೂಬ್ ಸುತ್ತಿ ಉಸಿರು ನೋಡ್ತಾರೆ, ತೋಳಿಗೆ ಬಿಪಿ ಪಟ್ಟಿ ಕಟ್ಟಿ ನಾಡಿ ಮತ್ತೆ ರಕ್ತದೊತ್ತಡದ ಏರಿಳಿತ ನೋಡ್ತಾರೆ, ಬೆರಳಿಗೆ ಎರಡು ಕ್ಲಿಪ್ ಹಾಕಿ ಬೆವರಿನ ವ್ಯತ್ಯಾಸ ನೋಡ್ತಾರೆ, ಕೂರೋ ಕುರ್ಚಿ ಮೇಲೆ ಅಲುಗಾಟ ಹಿಡಿಯೋ ಒಂದು ಪ್ಯಾಡ್ ಇರುತ್ತೆ. ಇಷ್ಟೇ. ಇವೆಲ್ಲ ಹೆದರಿಕೆಗೂ ಏರುತ್ತೆ, ಕೋಪಕ್ಕೂ ಏರುತ್ತೆ, ಅವಮಾನಕ್ಕೂ ಏರುತ್ತೆ, ಯಾವುದೋ ಹಳೇ ವಿಷಯ ನೆನಪಾದ್ರೂ ಏರುತ್ತೆ. ರಾತ್ರಿ ನಿಮ್ಮ ತೋಟದಲ್ಲಿ ನಾಯಿ ಬೊಗಳುತ್ತೆ ಅಂತ ಇಟ್ಕೊಳ್ಳಿ, ಬೊಗಳಿದ್ದು ನಿಜ, ಆದ್ರೆ ಗೇಟ್ ಹತ್ರ ಆನೆ ನಿಂತಿದೆಯಾ, ಹಂದಿ ಬಂತಾ, ಇಲ್ಲ ಲೈನ್ ಮನೆಯ ಕೆಲಸದವರು ಯಾರೋ ಟಾರ್ಚ್ ಹಾಕ್ಕೊಂಡು ಹೋದ್ರಾ ಅನ್ನೋದು ಬೊಗಳೋದ್ರಿಂದ ಗೊತ್ತಾಗಲ್ಲ, ಎದ್ದು ಹೋಗಿ ನೋಡ್ಬೇಕು. ಪಾಲಿಗ್ರಾಫ್ ಬೊಗಳೋವರೆಗೆ ಮಾತ್ರ ಗ್ಯಾರಂಟಿ. ಅಲ್ಲಿಂದ ಮುಂದೆ "ಇದು ಆನೆನೇ" ಅಂತ ಹೇಳೋದು ಮಷೀನ್ ಮುಂದೆ ಕೂತಿರೋ ಮನುಷ್ಯ.

ಆ ಮನುಷ್ಯ ಹೇಗೆ ಹೇಳ್ತಾನೆ ಅನ್ನೋದು ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಹುಡುಗನ ಕಥೆ ಪೂರ್ತಿ ಅಲ್ಲೇ ಇದೆ. ಪ್ರಶ್ನೆಗಳಲ್ಲಿ ಮೂರು ಥರ ಇರುತ್ತೆ. ಒಂದು ಸುಮ್ಮನೆ ಕೇಳೋದು, ಈ ರೂಮಲ್ಲಿ ಲೈಟ್ ಹತ್ತಿದೆಯಾ, ನಿನ್ನ ಹೆಸರು ಇದೇನಾ ಅನ್ನೋ ಥರ. ಎರಡನೇದು ಅವರಿಗೆ ನಿಜವಾಗಿ ಬೇಕಾಗಿರೋದು, ದೊಡ್ಡ ಅಪರಾಧ ಏನಾದ್ರೂ ಮಾಡಿ ಮುಚ್ಚಿಟ್ಟಿದೀಯಾ, ಡ್ರಗ್ಸ್ ವಿಷಯದಲ್ಲಿ ಫಾರ್ಮಲ್ಲಿ ಸುಳ್ಳು ಬರೆದಿದೀಯಾ, ವಿದೇಶಿಯವರ ಜೊತೆ ಹೇಳದೇ ಇರೋ ಸಂಪರ್ಕ ಇದೆಯಾ. ಮೂರನೇದು ಹೋಲಿಸಿ ನೋಡೋಕೆ ಅಂತ ಇಡೋ ಪ್ರಶ್ನೆ, ನಿನ್ನ ನಂಬಿದವರಿಗೆ ಯಾವತ್ತಾದ್ರೂ ಸುಳ್ಳು ಹೇಳಿದೀಯಾ ಅನ್ನೋ ಥರದ್ದು, ಇದಕ್ಕೆ ಭೂಮಿ ಮೇಲೆ ಯಾರೂ ಪೂರ್ತಿ ನಿಜವಾಗಿ ಇಲ್ಲ ಅನ್ನೋಕಾಗಲ್ಲ, ಆದ್ರೂ ಎಲ್ರೂ ಇಲ್ಲ ಅಂತಾರೆ, ಕೆಲವು ಕಡೆ "ಇದಕ್ಕೆ ಬೇಕಂತಾನೇ ಇಲ್ಲ ಅನ್ನು" ಅಂತ ಅವರೇ ಹೇಳಿಕೊಡ್ತಾರೆ. ಈಗ ಇವರ ಲೆಕ್ಕ ಏನಂದ್ರೆ, ತಪ್ಪು ಮಾಡದವನಿಗೆ ಈ ಮೂರನೇ ಥರದ ಪ್ರಶ್ನೆನೇ ಜಾಸ್ತಿ ಕಿರಿಕಿರಿ ಆಗುತ್ತೆ, ತಪ್ಪು ಮಾಡಿದವನಿಗೆ ಎರಡನೇ ಥರದ್ದು ಜಾಸ್ತಿ ಚುಚ್ಚುತ್ತೆ. ಅದೇ ಪ್ರಶ್ನೆಗಳನ್ನ ತಿರುಗಿ ತಿರುಗಿ ಕೇಳಿ ಯಾವುದಕ್ಕೆ ಚಾರ್ಟಲ್ಲಿ ಗೆರೆ ಜಾಸ್ತಿ ಏರ್ತು ಅಂತ ಅಂಕ ಹಾಕ್ತಾರೆ.

ಕೇಳೋಕೆ ಸರಿನೇ ಅನ್ಸುತ್ತೆ ಅಲ್ವಾ. ಈಗ ನಿಮ್ಮ ತಮ್ಮನ ಮಗನನ್ನ ಆ ಕುರ್ಚಿ ಮೇಲೆ ಕೂರಿಸಿ ನೋಡಿ. ಅಲ್ಲಿ ಫೆಡರಲ್ ಸೆಕ್ಯೂರಿಟಿ ಕೆಲಸಗಳಿಗೆ ತುಂಬಿಸೋ ದೊಡ್ಡ ಫಾರ್ಮ್ ಒಂದಿದೆ, ಎಸ್‌ಎಫ್ 86 ಅಂತ, ಅದರಲ್ಲಿ ಕಳೆದ ಏಳು ವರ್ಷದಲ್ಲಿ ಹತ್ತಿರದ ಅಥವಾ ನಿರಂತರ ಸಂಪರ್ಕ ಇರೋ ವಿದೇಶಿಯರ ಬಗ್ಗೆ ಕೇಳ್ತಾರೆ. ಅಪ್ಪ ಅಮ್ಮ ಇಬ್ಬರೂ ಅಮೆರಿಕದವರೇ ಆಗಿರೋ ಹುಡುಗ ಒಂದೆರಡು ಹೆಸರು ಬರೆದು ಮುಗಿಸ್ತಾನೆ. ನಮ್ಮ ಕೊಡಗಿನ ಹುಡುಗನ ಕಥೆ ಹಾಗಾ? ಅವನಿಗೆ ಅತ್ತೆ ಇದಾರೆ, ಅತ್ತೆ ಮಗ ಇದಾನೆ, ಒಕ್ಕದ, ಅಂದ್ರೆ ಕುಲದವರ, ವಾಟ್ಸಾಪ್ ಗ್ರೂಪಲ್ಲಿ ಪುತ್ತರಿ ಶುಭಾಶಯ ಹಾಕೋ ನೂರಾರು ಜನ ಇದಾರೆ, ಅದರಲ್ಲಿ ಅರ್ಧ ಜನರ ಮುಖ ಗೊತ್ತಿಲ್ಲ, ಐನ್‌ಮನೆಗೆ (ಕುಲದ ಮೂಲ ಮನೆ) ಬಂದಾಗ ಜೊತೆಗೆ ಫೋಟೋ ತೆಗೆಸ್ಕೊಂಡವರು, ದುಬೈಲಿರೋ ಚಿಕ್ಕಪ್ಪನ ಮಗ, ಕೆನಡಾಗೆ ಹೋದ ಇನ್ನೊಬ್ಬ. ಇವರಲ್ಲಿ ಯಾರು ಹತ್ತಿರದ ಸಂಪರ್ಕ, ಯಾರು ಅಲ್ಲ? ಅವನು ಪ್ರಾಮಾಣಿಕವಾಗಿ ಒಂದಷ್ಟು ಹೆಸರು ಬರೆದಿರ್ತಾನೆ. ಆದ್ರೆ ಮೈಗೆಲ್ಲ ವೈರ್ ಸುತ್ತಿ "ಹೇಳದೇ ಇರೋ ವಿದೇಶಿ ಸಂಪರ್ಕ ಇದೆಯಾ" ಅಂತ ನಿಧಾನಕ್ಕೆ ಕೇಳಿದಾಗ ತಲೇಲಿ ಏನು ಓಡುತ್ತೆ? ಅಯ್ಯೋ ಮದುವೆಗೆ ಬಂದಾಗ ಸಿಕ್ಕಿದ್ರಲ್ಲ ಅವರ ಹೆಸರು ಬಿಟ್ಟೆನಲ್ಲ, ಅವರು ಪದೇ ಪದೇ ಮೆಸೇಜ್ ಮಾಡ್ತಾರಲ್ಲ, ಅದು ನಿರಂತರ ಅನ್ಸುತ್ತಾ ಅಂತ. ಬೆರಳು ಬೆವರುತ್ತೆ, ಗೆರೆ ಏರುತ್ತೆ. ಸುಳ್ಳೂ ಇಲ್ಲ, ಗೂಢಚಾರಿಕೆನೂ ಇಲ್ಲ, ಅಷ್ಟು ದೊಡ್ಡ ಸಂಸಾರ ಇರೋದೇ ಗೆರೆ ಏರೋಕೆ ಸಾಕು. ಇವನಿಗೆ ಹೀಗೇ ಆಗಿದೆ ಅಂತ ನಾನು ಇಲ್ಲಿ ಕೂತು ಸರ್ಟಿಫಿಕೇಟ್ ಕೊಡಲ್ಲ, ಆದ್ರೆ ಹೀಗಾಗೋಕೆ ಎಲ್ಲಾ ಕಾರಣ ಇದೆ, ಚಾರ್ಟ್ ನೋಡಿ ಇದನ್ನೂ ನಿಜವಾದ ಮುಚ್ಚಿಡೋದನ್ನೂ ಬೇರೆ ಮಾಡೋಕೆ ಯಾವ ಪರೀಕ್ಷಕನಿಗೂ ಆಗಲ್ಲ.

ಇನ್ನೊಂದು ವಿಚಿತ್ರ ಇದೆ. ಹೋಲಿಸೋ ಪ್ರಶ್ನೆಗೆ ಯಾರು ತುಂಬಾ ಪ್ರಾಮಾಣಿಕರೋ ಅವರಿಗೆ ಅಷ್ಟು ಕಿರಿಕಿರಿ ಆಗದೇ ಹೋಗ್ಬಹುದು, ಯಾಕಂದ್ರೆ ಅವರು ಟೆಸ್ಟ್‌ಗೆ ಮುಂಚೆನೇ ಹಳೇ ಸಣ್ಣಪುಟ್ಟ ಸುಳ್ಳೆಲ್ಲ ಒಪ್ಪಿಕೊಂಡು ಹಗುರ ಆಗಿರ್ತಾರೆ, ಆಗ ಉಳಿಯೋದು ಎರಡನೇ ಥರದ ಪ್ರಶ್ನೆಯ ಭಯ ಒಂದೇ. ಅಂದ್ರೆ ಅತೀ ಒಳ್ಳೆಯವನೇ ಸಿಕ್ಕಿಹಾಕ್ಕೊಳ್ಳೋ ಥರ ಟೆಸ್ಟ್ ಕಟ್ಟಿದಾರೆ. ಇದನ್ನ ನೆನೆಸ್ಕೊಂಡ್ರೆ ನನಗೆ ಈಗಲೂ ಸಿಟ್ಟು ಬರುತ್ತೆ.

ನಿಮ್ಮ ತಮ್ಮ ಮಷೀನ್ ಸುಮ್ಮನೆ ಹೇಳುತ್ತಾ ಅಂತ ಕೇಳಿದ್ರಲ್ಲ, ಅದಕ್ಕೆ ಅಮೆರಿಕದ ವಿಜ್ಞಾನಿಗಳೇ ಉತ್ತರ ಕೊಟ್ಟಿದಾರೆ. ಅಲ್ಲಿನ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2003ರಲ್ಲಿ ಪಾಲಿಗ್ರಾಫ್ ಬಗ್ಗೆ ದೊಡ್ಡ ವರದಿ ಮಾಡ್ತು. ಅವರು ಹೇಳಿದ್ದರ ತಿರುಳು ಇಷ್ಟು: ಒಂದು ನಿರ್ದಿಷ್ಟ ಘಟನೆ ಬಗ್ಗೆ, ಅಂದ್ರೆ ಈ ಕಳ್ಳತನ ನೀನು ಮಾಡಿದೆಯಾ ಅನ್ನೋ ಥರ ಕೇಳಿದಾಗ ಈ ಟೆಸ್ಟ್ ಕಣ್ಣುಮುಚ್ಚಿ ಊಹೆ ಮಾಡೋದಕ್ಕಿಂತ ಎಷ್ಟೋ ಮೇಲು, ಆದ್ರೆ ಪರ್ಫೆಕ್ಟ್‌ನಿಂದ ತುಂಬಾ ದೂರ. ಕೆಲಸಕ್ಕೆ ಸೇರೋರನ್ನ ಸೋಸೋಕೆ ಬಳಸಿದ್ರೆ ಅದಕ್ಕಿಂತ ಕಮ್ಮಿ ನಿಖರ, ಯಾಕಂದ್ರೆ ಅಲ್ಲಿ ಘಟನೆನೇ ಇಲ್ಲ, "ಏನಾದ್ರೂ ಮಾಡಿದೀಯಾ" ಅಂತ ಬಲೆ ಬೀಸೋದು. ಅವರೇ ಒಂದು ಲೆಕ್ಕ ಹಾಕಿ ತೋರಿಸಿದ್ರು. 10,000 ಜನರಲ್ಲಿ 10 ಜನ ಗೂಢಚಾರರು ಇದಾರೆ ಅಂತ ಇಟ್ಕೊಳ್ಳಿ, ಮಷೀನು ನಿಜವಾಗಿ ಇರಬಹುದಾದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ ಅಂತಾನೇ ಇಟ್ಕೊಳ್ಳಿ. ಆ ಹತ್ತರಲ್ಲಿ 8 ಜನರನ್ನ ಹಿಡಿಯೋಷ್ಟು ಬಿಗಿ ಮಾಡಿದ್ರೆ ಒಟ್ಟು ಸುಮಾರು 1,600 ಜನ ಫೇಲ್ ಆಗ್ತಾರೆ, ಅಂದ್ರೆ 8 ಜನ ಕಳ್ಳರ ಜೊತೆ ಒಂದೂವರೆ ಸಾವಿರಕ್ಕೂ ಜಾಸ್ತಿ ನಿರಪರಾಧಿಗಳು. ಸರಿ, ಅಷ್ಟು ಜನರಿಗೆ ಅನ್ಯಾಯ ಬೇಡ ಅಂತ ಸಡಿಲ ಮಾಡಿದ್ರೆ ಫೇಲ್ ಆಗೋರು ಸುಮಾರು 40ಕ್ಕೆ ಇಳೀತಾರೆ, ಆದ್ರೆ 8 ಜನ ಗೂಢಚಾರರು ಆರಾಮಾಗಿ ಪಾಸಾಗಿ ಒಳಗೆ ಹೋಗ್ತಾರೆ. ಈ ಲೆಕ್ಕ ನಿಮ್ಮ ತಮ್ಮನಿಗೆ ಕಳಿಸಿ, ಅವರು ಇಂಜಿನಿಯರೋ ಅಕೌಂಟೆಂಟೋ ಆಗಿದ್ರೆ ತಕ್ಷಣ ಅರ್ಥ ಆಗುತ್ತೆ. ಹುಡುಕೋ ಕಳ್ಳರು ಎಷ್ಟು ಅಪರೂಪವೋ, ಫೇಲ್ ಆದವರ ಸಾಲಲ್ಲಿ ಅಮಾಯಕರು ಅಷ್ಟು ಜಾಸ್ತಿ ನಿಂತಿರ್ತಾರೆ.

ಪಾಸಾದವರ ಕಥೆನೂ ಕೇಳಿ. ಆಲ್ಡ್ರಿಚ್ ಏಮ್ಸ್ ಅಂತ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿ ಇದ್ದವನು, ರಷ್ಯನ್ನರಿಗೆ ಗುಟ್ಟು ಮಾರ್ತಾ ಇದ್ದ ಕಾಲದಲ್ಲೇ 1986ರಲ್ಲೂ 1991ರಲ್ಲೂ ಪಾಲಿಗ್ರಾಫ್ ದಾಟಿದ, ಸಿಕ್ಕಿಬಿದ್ದಿದ್ದು 1994ರಲ್ಲಿ. ಅವನನ್ನ ಹಿಡಿದು ಕೊಟ್ಟಿದ್ದರಲ್ಲಿ ಅವನ ಬ್ಯಾಂಕ್ ಲೆಕ್ಕದ ಪಾಲು ದೊಡ್ಡದು. ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆಯಲ್ಲಿ ಇದ್ಕೊಂಡೇ ಕ್ಯೂಬಾಗೆ ಗೂಢಚಾರಿಕೆ ಮಾಡ್ತಿದ್ದ ಆನಾ ಮಾಂಟೆಸ್ ಕೂಡ 1994ರಲ್ಲಿ ಪಾಸು, ಅರೆಸ್ಟ್ ಆಗಿದ್ದು 2001ರಲ್ಲಿ. ಇಂಥವರು ಪಾಸಾಗೋ ಟೆಸ್ಟಲ್ಲಿ ನಿಮ್ಮ ಹುಡುಗನಿಗೆ ಗೆರೆ ಏರ್ತು ಅಂತ ಮನೇಲಿ ಜಗಳ ಬೇಕಾ.

ಹಾಗಾದ್ರೆ ಯಾಕೆ ಇನ್ನೂ ಬಳಸ್ತಾರೆ ಅಂತ ನೀವು ಕೇಳ್ತೀರ. ಅಮೆರಿಕದಲ್ಲಿ 1988ರಲ್ಲೇ ಕಾನೂನು ಮಾಡಿ ಖಾಸಗಿ ಕಂಪನಿಗಳು ಕೆಲಸಕ್ಕೆ ಸೇರೋರಿಗೆ ಪಾಲಿಗ್ರಾಫ್ ಮಾಡೋದನ್ನ ಹೆಚ್ಚುಕಮ್ಮಿ ನಿಲ್ಲಿಸಿದ್ರು, ಆದ್ರೆ ಸರ್ಕಾರ ತನಗೆ ಮಾತ್ರ ವಿನಾಯ್ತಿ ಇಟ್ಕೊಳ್ತು (ಸರ್ಕಾರಗಳು ಎಲ್ಲಾ ಕಡೆ ಒಂದೇ). ಸಿಐಎ, ಎನ್‌ಎಸ್‌ಎ, ಎಫ್‌ಬಿಐ ಥರದ ಗುಪ್ತಚರ, ತನಿಖಾ ಸಂಸ್ಥೆಗಳೆಲ್ಲ ಬಳಸ್ತಾವೆ. ಬಾರ್ಡರ್ ಇಲಾಖೆಗೆ ಕಡ್ಡಾಯ ಆಗಿದ್ದು ಆಂಟಿ ಬಾರ್ಡರ್ ಕರಪ್ಷನ್ ಆಕ್ಟ್‌ನಿಂದ, ಅದಕ್ಕೆ ಸಹಿ ಬಿದ್ದಿದ್ದು 2011ರ ಜನವರಿಯಲ್ಲಿ. ಡ್ರಗ್ಸ್ ಸಾಗಿಸೋ ಗುಂಪುಗಳು ತಮ್ಮವರನ್ನೇ ಆಫೀಸರ್ ಮಾಡಿ ಒಳಗೆ ನುಗ್ಗಿಸ್ತಿವೆ ಅನ್ನೋ ಭಯ ಇತ್ತು, ಭಯ ಸುಳ್ಳೇನಲ್ಲ. ಆದ್ರೆ ಪರಿಣಾಮ ಏನಾಯ್ತು ಅಂದ್ರೆ 2017ರ ಹೊತ್ತಿಗೆ ಅರ್ಜಿ ಹಾಕಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಈ ಟೆಸ್ಟಲ್ಲೇ ಬೀಳ್ತಿದಾರೆ ಅಂತ ಅಸೋಸಿಯೇಟೆಡ್ ಪ್ರೆಸ್ ವರದಿ ಮಾಡ್ತು. ಅಷ್ಟು ಜನ ಕಳ್ಳರಾಗಿರೋಕೆ ಸಾಧ್ಯ ಇಲ್ಲ ಅನ್ನೋದಕ್ಕೆ ಸೈಕಾಲಜಿ ಓದಬೇಕಾಗಿಲ್ಲ.

ನಿಜವಾದ ಕಾರಣ ಬೇರೆ. ಈ ಮಷೀನ್ ಮುಂದೆ ಜನ ಬಾಯಿ ಬಿಡ್ತಾರೆ. ಗೆರೆಗಿಂತ ಬಾಯಿಯಿಂದ ಬಂದಿದ್ದೇ ಇಲಾಖೆಗೆ ಜಾಸ್ತಿ ಉಪಯೋಗ. ಟೆಸ್ಟ್‌ಗೆ ಮುಂಚೆ ಒಂದು ಉದ್ದ ಮಾತುಕತೆ, ಆಮೇಲೆ ಚಾರ್ಟು, ಆಮೇಲೆ ಪರೀಕ್ಷಕರು ಕುರ್ಚಿ ಹತ್ರ ಎಳ್ಕೊಂಡು ಕೂತು "ನೋಡಪ್ಪ, ನೀನು ಒಳ್ಳೆ ಹುಡುಗ ಅಂತ ಗೊತ್ತು, ಆದ್ರೆ ಈ ಒಂದು ಪ್ರಶ್ನೆ ಮಾತ್ರ ಕ್ಲಿಯರ್ ಆಗ್ತಿಲ್ಲ, ಏನಿದೆ ಹೇಳಿಬಿಡು" ಅಂತಾರೆ. ನಿಮ್ಮ ಹುಡುಗನಿಗೆ ಹೇಳಿದ್ದು ಇದೇ ಮಾತು. ಇದು ವಿಚಾರಣೆ ಮಾಡೋ ರೀತಿ, ರಿಸಲ್ಟ್ ಅಲ್ಲ. ಚಾರ್ಟಲ್ಲಿ ಸ್ವಲ್ಪ ಅನುಮಾನ ಇದ್ದವರಿಗೂ ಹೇಳ್ತಾರೆ, ಜಾಸ್ತಿ ಇದ್ದವರಿಗೂ ಹೇಳ್ತಾರೆ. ಅಲ್ಲಿಂದ ಚಾರ್ಟುಗಳು ಮೇಲಿನವರ ಹತ್ರ ಕ್ವಾಲಿಟಿ ಕಂಟ್ರೋಲ್‌ಗೆ ಹೋಗುತ್ತೆ, ಬೇರೆ ಪರೀಕ್ಷಕರು ಕೂತು ಅಂಕ ನೋಡ್ತಾರೆ, ರೂಮಲ್ಲಿ ಕೂತಿದ್ದವರ ಅಭಿಪ್ರಾಯ ಅಲ್ಲಿ ಬದಲಾಗಬಹುದು. ಹಾಗಾಗಿ ವಾರಗಟ್ಟಲೆ ಸುದ್ದಿ ಇಲ್ಲ ಅನ್ನೋದ್ರಿಂದ ಫೇಲ್ ಅಂತಾನೂ ತಿಳ್ಕೋಬೇಡಿ, ಪಾಸ್ ಅಂತಾನೂ ತಿಳ್ಕೋಬೇಡಿ.

ಕೊನೆಗೆ ಬರೋ ಅಭಿಪ್ರಾಯದಲ್ಲಿ ಮೂರು ದಾರಿ ಇದೆ. ಗಮನಾರ್ಹ ಪ್ರತಿಕ್ರಿಯೆ ಇಲ್ಲ, ಗಮನಾರ್ಹ ಪ್ರತಿಕ್ರಿಯೆ ಇದೆ, ಅಭಿಪ್ರಾಯ ಹೇಳೋಕಾಗಲ್ಲ. ಈ ಮೂರನೇದನ್ನೇ ಜನ ಇನ್‌ಕನ್‌ಕ್ಲೂಸಿವ್ ಅನ್ನೋದು, ಇದನ್ನ ತುಂಬಾ ಜನ ಫೇಲ್ ಅಂತ ತಿಳ್ಕೊಂಡು ಊರೆಲ್ಲ ಹೇಳ್ಕೊಂಡು ಅಳ್ತಾರೆ, ದಯವಿಟ್ಟು ನಿಮ್ಮ ಹುಡುಗ ಹಾಗೆ ಮಾಡೋದು ಬೇಡ. ರಾತ್ರಿ ನಿದ್ದೆ ಇಲ್ಲ, ಕೈ ತಣ್ಣಗಿತ್ತು, ಶೀತ ಆಗಿ ಉಸಿರು ಏರುಪೇರು, ಕೂತಲ್ಲಿ ಅಲುಗಾಡಿದ, ಇಂಥದ್ದಕ್ಕೂ ಚಾರ್ಟ್ ಓದೋಕಾಗದೆ ಹಾಗೆ ಬರಬಹುದು, ಮತ್ತೆ ಒಂದು ಸಲ ಕರೆಯೋದೂ ಇದೆ.

ಈಗ ಅವನು ಏನು ಮಾಡ್ಬೇಕು ಅಂದ್ರೆ, ಇವತ್ತೇ ಕೂತು ನೆನಪಿರೋದೆಲ್ಲ ಬರೆದಿಟ್ಕೊಳ್ಳಲಿ. ಎಷ್ಟು ಗಂಟೆಗೆ ಶುರು ಆಯ್ತು, ಏನೇನು ಕೇಳಿದ್ರು, ಟೆಸ್ಟ್ ಮುಗಿದ ಮೇಲೆ ಅವರು ಏನಂದ್ರು, ಮುಖ್ಯವಾಗಿ ಇವನು ಏನು ಹೇಳ್ದ. ಯಾಕಂದ್ರೆ ಒತ್ತಡಕ್ಕೆ "ಹಾಂ ಇರಬಹುದು, ಒಂದಿಬ್ಬರ ಹೆಸರು ಬಿಟ್ಟಿರಬಹುದು" ಅಂತ ಏನಾದ್ರೂ ಅಂದಿದ್ರೆ ಅದು ರಿಪೋರ್ಟಲ್ಲಿ ಒಪ್ಪಿಗೆ ಅಂತ ಕೂತಿರುತ್ತೆ, ಗೆರೆಗಿಂತ ಅದೇ ದೊಡ್ಡ ತಲೆನೋವು. ಫಾರ್ಮಲ್ಲಿ ನಿಜವಾಗಿ ಯಾರಾದ್ರೂ ಹೆಸರು ಬಿಟ್ಟುಹೋಗಿದ್ರೆ ಅವರು ಕೇಳೋ ಮುಂಚೆ ತಾನೇ ಬರವಣಿಗೆಯಲ್ಲಿ ಕೊಡಲಿ, ಅತ್ತೆ ಹೆಸರು ಬಿಟ್ಟಿದ್ರೆ ನಿಮ್ಮದೂ ಸೇರಿಸಿ. ಗಾಂಜಾ ವಿಷಯ ಏನಾದ್ರೂ ಇದ್ರೆ ಅದರಲ್ಲೂ ಹುಷಾರು, ಎಷ್ಟೋ ರಾಜ್ಯದಲ್ಲಿ ಅದು ಕಾನೂನುಬದ್ಧ, ಫೆಡರಲ್ ಕಾನೂನಲ್ಲಿ ಅಲ್ಲ, ಕಾಲೇಜು ಹುಡುಗರು ಇಲ್ಲೇ ಎಡವೋದು.

ರಿಜೆಕ್ಟ್ ಅಂತ ಪತ್ರ ಬಂದ್ರೆ ಅಲ್ಲಿನ ಪ್ರೈವೆಸಿ ಆಕ್ಟ್ ಮತ್ತೆ ಫ್ರೀಡಂ ಆಫ್ ಇನ್‌ಫರ್ಮೇಷನ್ ಆಕ್ಟ್ ಕೆಳಗೆ ತನ್ನ ಫೈಲ್ ಕೇಳಬಹುದು, ನಮ್ಮ ಆರ್‌ಟಿಐ ಥರಾನೇ, ಪೂರ್ತಿ ಕೊಡ್ತಾರೆ ಅಂತೇನಿಲ್ಲ, ಕೆಲವು ಸಾಲಿಗೆ ಕಪ್ಪು ಮಸಿ ಬಳಿದು ಕೊಡ್ತಾರೆ, ಆದ್ರೂ ತಾನು ಏನು ಹೇಳಿದೆ ಅಂತ ಅವರು ಬರ್ಕೊಂಡಿದಾರೆ ಅನ್ನೋದು ಗೊತ್ತಾದ್ರೆ ಅರ್ಧ ಸಮಾಧಾನ. ಮತ್ತೆ ಅರ್ಜಿ ಹಾಕೋಕೆ ಎಷ್ಟು ಕಾಯಬೇಕು ಅನ್ನೋದಕ್ಕೆ ಸ್ನೇಹಿತರ ಮಾತು ನಂಬೋದು ಬೇಡ, ಆಯಾ ಇಲಾಖೆಗೆ ಇಮೇಲ್ ಮಾಡಿ ಬರವಣಿಗೆಯಲ್ಲೇ ಉತ್ತರ ತಗೊಳ್ಳಲಿ. ಬೇರೆ ಇಲಾಖೆಗೆ ಅರ್ಜಿ ಹಾಕಿದಾಗ ಹಿಂದೆ ಪಾಲಿಗ್ರಾಫ್ ಕೊಟ್ಟಿದೀಯಾ ಅಂತ ಕೇಳಿದ್ರೆ ಇಲ್ಲ ಅಂತ ಮಾತ್ರ ಬರೀಬಾರದು. ಈಗ ಇರೋದು ಒಂದು ಗೆರೆಯ ಅನುಮಾನ, ಅದಕ್ಕೆ ಬೇರೆ ಬೇರೆ ಅರ್ಥ ಹೇಳಬಹುದು, ಫಾರ್ಮಲ್ಲಿ ಸುಳ್ಳು ಬರೆದ್ರೆ ಅದಕ್ಕೆ ಒಂದೇ ಅರ್ಥ.

ಮಾತ್ರೆ ವಿಷಯ. ಬೇಡ. ಡಾಕ್ಟ್ರು ಬಿಪಿಗೋ ಬೇರೆ ಯಾವುದಕ್ಕೋ ಮೊದಲಿಂದ ಕೊಟ್ಟಿರೋದಾದ್ರೆ ನಿಲ್ಲಿಸಬೇಡಿ, ಹೋದ ತಕ್ಷಣ ಅದನ್ನ ಹೇಳಿಬಿಡಲಿ. ಟೆಸ್ಟ್‌ಗೋಸ್ಕರ ಅಂತ ನುಂಗೋದು, ಉಸಿರು ಬಿಗಿ ಹಿಡಿಯೋದು, ಬೆರಳು ಒತ್ತೋದು, ನಾಲಿಗೆ ಕಚ್ಚೋದು, ಯಾವುದೋ ವಿಡಿಯೋ ನೋಡಿ ಕಲಿತು ಹೋಗೋದು, ಇದ್ಯಾವುದೂ ಬೇಡ, ಮೈ ಅಲುಗಿಸಿ ಮಾಡೋ ಇಂಥ ಆಟ ಹಿಡಿಯೋಕೇ ಕುರ್ಚಿ ಮೇಲೆ ಆ ಪ್ಯಾಡ್ ಇಟ್ಟಿರೋದು. ಏನೂ ಮುಚ್ಚಿಡದ ಹುಡುಗ ಟೆಸ್ಟ್ ತಿರುಚೋಕೆ ಹೋದ ಅಂತ ಹೊರಗೆ ಬಿದ್ರೆ ಆಮೇಲೆ ನಾನೇನು, ಯಾರೂ ಅವನ ಪರ ಮಾತಾಡೋಕಾಗಲ್ಲ. ಚೆನ್ನಾಗಿ ನಿದ್ದೆ ಮಾಡಿ, ತಿಂಡಿ ತಿಂದು, ದಿನಾ ಕುಡಿಯೋಷ್ಟೇ ಕಾಫಿ ಕುಡಿದು ಹೋಗಲಿ. ಪ್ರಶ್ನೆ ಅರ್ಥ ಆಗದಿದ್ರೆ ವೈರ್ ಹಾಕೋ ಮುಂಚೆನೇ ಕೇಳಲಿ, "ನನಗೆ ಇಂಡಿಯಾದಲ್ಲಿ ಇಷ್ಟು ಜನ ನೆಂಟರಿದಾರೆ, ಇವರಲ್ಲಿ ಯಾರನ್ನ ಸೇರಿಸಬೇಕು" ಅಂತ ಅಲ್ಲೇ ಬಿಡಿಸ್ಕೊಳ್ಳಲಿ, ಆ ಮೊದಲ ಮಾತುಕತೆ ಇರೋದೇ ಅದಕ್ಕೆ, ನಾಚಿಕೆ ಪಟ್ಕೊಂಡು ಸುಮ್ಮನೆ ಕೂರಬಾರದು.

ಇನ್ನು ನಿಮ್ಮ ಮಗನ ವಿಷಯ. ಇಲ್ಲಿ ಪಿಎಸ್‌ಐ ನೇಮಕಾತಿಯಲ್ಲಿ ಪಾಲಿಗ್ರಾಫ್ ಇಲ್ಲ. ದೈಹಿಕ ಪರೀಕ್ಷೆ, ಲಿಖಿತ ಪರೀಕ್ಷೆ, ಮೆಡಿಕಲ್, ಪೊಲೀಸ್ ವೆರಿಫಿಕೇಶನ್, ಇಷ್ಟೇ. (2021ರ ಪಿಎಸ್‌ಐ ಪರೀಕ್ಷೆಯ ಓಎಂಆರ್ ಹಗರಣ ನೆನೆಸ್ಕೊಂಡ್ರೆ ಮಷೀನ್ ಯಾರಿಗೆ ಹಾಕ್ಬೇಕಿತ್ತು ಅನ್ನೋ ಪ್ರಶ್ನೆ ಬರುತ್ತೆ, ಆ 545 ಹುದ್ದೆಗೆ ಓದಿದ ಪ್ರಾಮಾಣಿಕ ಮಕ್ಕಳು 2024ರ ಜನವರಿಯಲ್ಲಿ ಮತ್ತೆ ಪರೀಕ್ಷೆ ಬರೀಬೇಕಾಯ್ತು.) ನಮ್ಮ ಕಡೆ ಕೆಲವರು ಆರ್ಮಿ ಆಫೀಸರ್‌ಗಳನ್ನ ಆಯ್ಕೆ ಮಾಡೋ ಎಸ್‌ಎಸ್‌ಬಿಯಲ್ಲಿ ಸೈಕಾಲಜಿ ಟೆಸ್ಟ್ ಇದೆ ಅನ್ನೋದನ್ನ ಕೇಳಿ ಅದನ್ನೂ ಇದನ್ನೂ ಒಂದೇ ಅಂದ್ಕೊಳ್ತಾರೆ. ಅಲ್ಲಿ ಚಿತ್ರ ತೋರಿಸಿ ಕಥೆ ಬರೆಸ್ತಾರೆ, ಒಂದು ಪದ ಕೊಟ್ಟು ಮನಸ್ಸಿಗೆ ಬಂದಿದ್ದು ಬರಿ ಅಂತಾರೆ, ನಿಮ್ಮ ಮನೆಯಲ್ಲೇ ಆರ್ಮಿಯವರು ಇದ್ದಿದ್ದರಿಂದ ನಿಮಗೆ ಇದು ಗೊತ್ತೇ ಇರುತ್ತೆ, ಅಲ್ಲಿ ಯಾರೂ ವೈರ್ ಸುತ್ತಲ್ಲ.

ನಮ್ಮ ದೇಶದಲ್ಲಿ ಪಾಲಿಗ್ರಾಫ್ ಮುಖ್ಯವಾಗಿ ಕ್ರಿಮಿನಲ್ ತನಿಖೆಯಲ್ಲಿ ಬರೋದು, ಅದೂ ಒಪ್ಪಿಗೆ ಇದ್ರೆ ಮಾತ್ರ. ಇದಕ್ಕೆ ದಾರಿ ಹಾಕಿಕೊಟ್ಟಿದ್ದೇ ನಮ್ಮ ರಾಜ್ಯದ ಹೆಸರಿರೋ ಕೇಸು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. 2010ರ ಮೇ 5ರಂದು ಸುಪ್ರೀಂ ಕೋರ್ಟು ನಾರ್ಕೋ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಯಾರ ಮೇಲೂ ಬಲವಂತವಾಗಿ ಮಾಡೋ ಹಾಗಿಲ್ಲ ಅಂತು, ಕ್ರಿಮಿನಲ್ ತನಿಖೆ ಆಗಲಿ ಬೇರೆ ಯಾವುದೇ ಸಂದರ್ಭ ಆಗಲಿ ಅಂತ ಸೇರಿಸಿನೇ ಹೇಳ್ತು. ಒಪ್ಪಿಗೆ ಕೊಟ್ಟರೂ ಅದು ಮ್ಯಾಜಿಸ್ಟ್ರೇಟ್ ಮುಂದೆ ದಾಖಲಾಗಬೇಕು, ಲಾಯರ್ ಜೊತೆ ಮಾತಾಡೋಕೆ ಅವಕಾಶ ಇರಬೇಕು ಅನ್ನೋ ಮಾನವ ಹಕ್ಕು ಆಯೋಗದ 2000ದ ಮಾರ್ಗಸೂಚಿನ ಕಟ್ಟುನಿಟ್ಟಾಗಿ ಪಾಲಿಸಿ ಅಂತಾನೂ ಹೇಳಿದೆ. ಅಂದ್ರೆ ನಿಮ್ಮ ತೋಟದಲ್ಲಿ ಮೆಣಸು ಕಳುವಾದ್ರೆ ಕೆಲಸದವರನ್ನೆಲ್ಲ ಲೈನಾಗಿ ನಿಲ್ಲಿಸಿ ಮಷೀನ್ ಹಾಕ್ಸಿ ಅಂತ ಸ್ಟೇಷನ್ನಲ್ಲಿ ಕೂರೋ ಹಾಗಿಲ್ಲ, ಈ ಥರ ಕೇಳಿಕೊಂಡು ಬಂದ ಪ್ಲಾಂಟರ್‌ಗಳನ್ನ ನಾನೇ ನೋಡಿದೀನಿ.

ನಿಮ್ಮ ಮಗ ಹೆದರಬೇಕಾಗಿರೋದು ವೆರಿಫಿಕೇಶನ್ ಫಾರ್ಮ್‌ಗೆ, ಅದಕ್ಕೂ ಹೆದರಬೇಕಾಗಿಲ್ಲ, ಸರಿಯಾಗಿ ತುಂಬಿದ್ರೆ ಆಯ್ತು. ಅದರಲ್ಲಿ ಯಾವತ್ತಾದ್ರೂ ಅರೆಸ್ಟ್ ಆಗಿದೆಯಾ, ಕೇಸ್ ನಡೆದಿದೆಯಾ, ಬಾಕಿ ಇದೆಯಾ ಅಂತ ಕೇಳಿರ್ತಾರೆ. ರಾಜಿ ಆದ ಕೇಸು ಕಾನೂನಲ್ಲಿ ಖುಲಾಸೆ ಆದ ಹಾಗೇ ಲೆಕ್ಕ, ಆದ್ರೆ ಖುಲಾಸೆ ಆಗಿದೆ ಅಂದ ಮಾತ್ರಕ್ಕೆ ಕೇಸೇ ಇರ್ಲಿಲ್ಲ ಅಂತ ಬರೆಯೋ ಹಾಗಿಲ್ಲ. ತುಂಬಾ ಜನ ಇಲ್ಲೇ ಮಣ್ಣು ತಿಂತಾರೆ, ಮುಗಿದು ಹೋದ ಕೇಸಲ್ವಾ ಅಂತ "ಇಲ್ಲ" ಅಂತ ಟಿಕ್ ಹಾಕಿಬಿಡ್ತಾರೆ, ಆಮೇಲೆ ಸ್ಟೇಷನ್ ರೆಕಾರ್ಡಲ್ಲಿ ಸಿಕ್ಕಿದಾಗ ಗಲಾಟೆಗೆ ಅಲ್ಲ, ಮುಚ್ಚಿಟ್ಟಿದ್ದಕ್ಕೆ ಕೆಲಸ ಹೋಗುತ್ತೆ. ಅವತಾರ್ ಸಿಂಗ್ ಕೇಸಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿದೆ, ಫಾರ್ಮಲ್ಲಿ ಕೊಡೋ ಮಾಹಿತಿ ನಿಜ ಇರಬೇಕು, ಚಿಕ್ಕ ವಯಸ್ಸಲ್ಲಿ ಆದ ಸಣ್ಣಪುಟ್ಟ ವಿಷಯ ಆಗಿದ್ರೆ ಇಲಾಖೆ ವಿವೇಚನೆ ಬಳಸಿ ಬಿಟ್ಟುಬಿಡಬಹುದು, ನಿಜ ಹೇಳಿದ್ರೂ ಪರಿಶೀಲನೆ ಮಾಡೋ ಹಕ್ಕು ಇಲಾಖೆಗೆ ಇದ್ದೇ ಇರುತ್ತೆ ಅಂತ. ಪೊಲೀಸ್ ಇಲಾಖೆ ಬೇರೆ ಇಲಾಖೆಗಳಿಗಿಂತ ಸ್ವಲ್ಪ ಬಿಗಿ ನೋಡುತ್ತೆ, ಅದು ಸಹಜ. ಆದ್ರೂ ಹಾಕಿ ಮೈದಾನದಲ್ಲಿ ತಳ್ಳಾಡಿದ್ದು, ರಾಜಿ ಆಗಿದ್ದು, ಅದನ್ನ ತಾನೇ ಬರೆದು ಕಾಗದ ಲಗತ್ತಿಸಿದ್ದು, ಇಷ್ಟಿದ್ರೆ ಅವನ ಪರ ವಾದ ಮಾಡೋಕೆ ಗಟ್ಟಿ ನೆಲ ಇರುತ್ತೆ.

ಅದಕ್ಕೆ ಈಗಲೇ ಮಾಡ್ಬೇಕಾದ ಕೆಲಸ ಒಂದಿದೆ, ರಿಸಲ್ಟ್ ಬಂದ ಮೇಲೆ ಓಡಾಡೋಕೆ ಟೈಮ್ ಸಿಗಲ್ಲ. ಎಫ್‌ಐಆರ್ ನಂಬರು, ಯಾವ ಸ್ಟೇಷನ್ನು, ಯಾವ ಸೆಕ್ಷನ್ನು, ಕೋರ್ಟ್ ಕೇಸ್ ನಂಬರು, ಮುಗಿದ ತಾರೀಕು ಇಷ್ಟನ್ನೂ ಒಂದು ಹಾಳೆಲಿ ಬರೆದಿಡಿ. ಕೇಸ್ ನಡೆದ ಕೋರ್ಟಲ್ಲಿ ರಾಜಿ ಆದ ಆದೇಶದ ಸರ್ಟಿಫೈಡ್ ಕಾಪಿಗೆ ಮಗನೇ ಅರ್ಜಿ ಹಾಕಬಹುದು, ಕೇಸಲ್ಲಿ ಅವನು ಪಾರ್ಟಿ ಆಗಿರೋದ್ರಿಂದ ಅವನಿಗೆ ಕೊಡ್ತಾರೆ. ಎರಡು ಕಾಪಿ ತಗೊಳ್ಳಿ, ಒಂದನ್ನ ಲ್ಯಾಮಿನೇಟ್ ಮಾಡಿಸೋ ಅಭ್ಯಾಸ ಇದೆಯಲ್ಲ ನಮ್ಮ ಕಡೆ, ಅದು ಬೇಡ, ಲ್ಯಾಮಿನೇಟ್ ಮಾಡಿದ ಮೇಲೆ ಸೀಲು ಸಹಿ ಪರಿಶೀಲಿಸೋಕೆ ಕಷ್ಟ ಅಂತ ಆಫೀಸಲ್ಲಿ ತಕರಾರು ತೆಗೀತಾರೆ.